ಬಿಲ್ಜಿನ ನೀರಿನ ರುಚಿ

ಸೋರಣ್ಣ ಭಾನುವಾರ ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡ. ಗಂಟಲಿನ ಕ್ಯಾನ್ಸರ್.

ಮನೆಯವರು ಇಟ್ಟ ಹೆಸರು ಬೇರೆ. ಸೋರುವ ಮೋಟಾರ್ ಬೋಟುಗಳ ಹಿಂದೆ ಬಿದ್ದು ಜೀವ ಸವೆಸಿದ್ದರಿಂದ ದಡದ ಮಂದಿ ಕರೆದ ಹೆಸರೇ ಗಟ್ಟಿಯಾಯಿತು. ನಾನು ಎಂಜಿನ್ ಬಿಚ್ಚುವವನು. ಒಂದೇ ದೋಣಿಯ ಹೊಟ್ಟೆಯೊಳಗೆ ಬೆನ್ನಿಗೆ ಬೆನ್ನು ತಾಗಿಸಿಕೊಂಡು ದುಡಿದವರು ನಾವು.

ದೋಣಿಯ ತಳದಲ್ಲಿ, ಹಲಗೆಗಳ ಕೆಳಗೆ ನೀರು ಬಂದು ನಿಲ್ಲುವ ಟೊಳ್ಳಿಗೆ ಬಿಲ್ಜ್ ಅನ್ನುತ್ತೇವೆ. ಅಲ್ಲಿ ನೀರು ಕಂಡರೆ ಸೋರಣ್ಣ ಮೊದಲು ಬೆರಳದ್ದಿ ನಾಲಿಗೆಗೆ ಹಚ್ಚುತ್ತಿದ್ದ. ಉಪ್ಪಾದರೆ ಸಮುದ್ರದ್ದು, ತಳದಲ್ಲಿ ಹುಡುಕಬೇಕು. ಸಪ್ಪೆಯಾದರೆ ಕುಡಿಯುವ ನೀರಿನ ಟ್ಯಾಂಕಿನದೋ ಮಳೆಯದೋ. ಎಣ್ಣೆ ತೇಲುವ ಆ ನೀರನ್ನು ಉಗಿದು, ಅತ್ತೆ ಮನೆ ಕಾಫಿಗಿಂತ ವಾಸಿ ಎನ್ನುತ್ತಿದ್ದ, ಹೆಂಡತಿಯ ಎದುರಿಗೇ.

ರೇಡಿಯೇಷನ್ ಕೊಟ್ಟ ಮೇಲೆ ಅವನ ನಾಲಿಗೆ ಸತ್ತುಹೋಯಿತು. ಏನು ತಿಂದರೂ ಸಪ್ಪೆ. ಯಾರಿಗೂ ಹೇಳಲಿಲ್ಲ. ದಿನಾ ಅಡುಗೆಗೆ ಹೆಸರಿಡುತ್ತಿದ್ದವನು ಸುಮ್ಮನೆ ಉಣ್ಣತೊಡಗಿದ್ದನ್ನು ಕಂಡು, ಕಾಯಿಲೆ ಗಂಡನನ್ನು ಸಾಧು ಮಾಡಿತು ಎಂದುಕೊಂಡಳು ಹೆಂಡತಿ.

ಆಗಲೇ ಅವನ ತಂಗಿಯ ಬೋಟು ಸೋರತೊಡಗಿದ್ದು. ಗಂಡ ಸತ್ತ ಮೇಲೆ ಅವಳೇ ಸ್ಟೀರಿಂಗ್ ಹಿಡಿದು ಅಳಿವೆಯ ಆಚೆ ದಡಕ್ಕೆ ಜನರನ್ನು ದಾಟಿಸುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಅದರಿಂದಲೇ. ತಾನಿರುವಾಗಲೇ ಈ ಸೋರಿಕೆ ನಿಲ್ಲಬೇಕು, ಆಮೇಲೆ ಅವಳು ಯಾರ ಬಾಗಿಲು ತಟ್ಟಿಯಾಳು ಎನ್ನುವುದೊಂದೇ ಅವನ ತಲೆಯಲ್ಲಿತ್ತು. ಹಳೇ ರೂಢಿಯಂತೆ ಬೆರಳದ್ದಿದ, ನೆಕ್ಕಿದ, ಸಪ್ಪೆ ಎಂದ. ಟ್ಯಾಂಕಿನ ಪೈಪು ಬದಲಾಯಿಸಿದ. ಮರುದಿನ ನಡುನೀರಿನಲ್ಲಿ ಬೋಟಿನೊಳಗೇ ಜನರ ಚಪ್ಪಲಿಗಳು ತೇಲತೊಡಗಿದವು. ಪಂಪು ಓಡಿಸುತ್ತಲೇ ಅವಳು ಹೇಗೋ ದಡ ಮುಟ್ಟಿಸಿದಳು.

ಅವನು ಬೋಟಿಗಿಳಿದು ಮತ್ತೆ ಬೆರಳದ್ದಲು ಹೋದಾಗ ಅವಳು ಕೈ ಹಿಡಿದಳು. ತಾನೇ ನೆಕ್ಕಿ ನೋಡಿದಳು.

"ಅಣ್ಣಾ, ಉಪ್ಪು ಕಣೋ."

"ನಂಗೇನೂ ಗೊತ್ತಾಗಲ್ಲ ಕಣೇ. ಬಹಳ ದಿನ ಆಯ್ತು. ಬೇರೆ ಯಾರನ್ನಾದ್ರೂ ಕರಿ."

"ಯಾರನ್ ಕರೀಲಿ? ನಾಲಿಗೆ ಹೋದ್ರೆ ಕಣ್ಣಿಲ್ವಾ? ಹುಡುಕು ಸುಮ್ನೆ."

ಬಿಲ್ಜನ್ನು ಒರೆಸಿ ಒಣಗಿಸಿ, ಉದ್ದಕ್ಕೂ ಟಾಲ್ಕಂ ಪೌಡರ್ ಉದುರಿಸಿದೆವು. ಬೋಟು ನಿಂತಾಗ ಒಂದು ಹನಿಯೂ ಇಲ್ಲ. ಕಟ್ಟಿದ ಹಗ್ಗ ಬಿಚ್ಚದೆಯೇ ನಾನು ಎಂಜಿನ್ ಹಾಕಿ ಪ್ರೊಪೆಲ್ಲರ್ ತಿರುಗಿಸಿದೆ. ಬೋರಲು ಮಲಗಿ ಟಾರ್ಚು ಹಿಡಿದಿದ್ದ ಅವನು ಕೈ ಎತ್ತಿದ. ಪೌಡರಿನ ಮೇಲೆ ಇರುವೆ ಸಾಲಿನಂಥ ಒದ್ದೆ ಗೆರೆ. ಪ್ರೊಪೆಲ್ಲರಿನ ದಂಡ ಒಳಬರುವ ಕಡೆ, ರಬ್ಬರ್ ಕೊಳವೆಯ ಅಡಿಭಾಗ ಸೀಳಿಹೋಗಿತ್ತು. ದಂಡ ತಿರುಗಿದಾಗ ಮಾತ್ರ ಬಾಯಿ ಬಿಡುತ್ತಿತ್ತು. ಬೋಟನ್ನು ಮೇಲೆತ್ತಿ ಹೊಸ ಕೊಳವೆ ಹಾಕಿದೆವು. ಅದನ್ನು ಹಿಡಿದಿಡುವ ಕ್ಲಿಪ್ಪಿನ ಸ್ಕ್ರೂ ಬಿಗಿಯುವಷ್ಟು ಕಸುವು ಅವನ ಕೈಯಲ್ಲಿರಲಿಲ್ಲ. ಸ್ಕ್ರೂಡ್ರೈವರನ್ನು ತಂಗಿಗೆ ಕೊಟ್ಟ.

"ಇನ್ನೂ ಸ್ವಲ್ಪ. ಸಾಕು, ಸಾಕು. ನಿಮ್ಮತ್ತಿಗೆ ಕುತ್ತಿಗೆ ಅಲ್ಲ ಅದು."

ಅವಳು ನಕ್ಕಳು. ಆಮೇಲೆ ಎಂಜಿನ್ ಮರೆಗೆ ಹೋಗಿ ಮುಖ ಒರೆಸಿಕೊಂಡಳು.

ಶನಿವಾರ, ಜನ ಹತ್ತಿಸುವ ಮೊದಲು, ಅವನೊಬ್ಬನನ್ನೇ ಕೂರಿಸಿಕೊಂಡು ಆಚೆ ದಡ ಮುಟ್ಟಿ ಬಂದಳು. ನೀರು, ಆಕಾಶ ಯಾವುದನ್ನೂ ಅವನು ನೋಡಲಿಲ್ಲವಂತೆ. ಹಲಗೆ ತೆಗೆಸಿ, ಹೊಸದಾಗಿ ಪೌಡರ್ ಉದುರಿಸಿ, ಟಾರ್ಚು ಬಿಟ್ಟುಕೊಂಡು ಕೂತೇ ಇದ್ದನಂತೆ. ವಾಪಸ್ಸು ಬಂದಾಗ ನಾನು ಹಗ್ಗ ಹಿಡಿದುಕೊಂಡೆ. ಅವನು ತೋಳು ಇಳಿಬಿಟ್ಟು ಬಿಲ್ಜಿನ ಉದ್ದಕ್ಕೂ ಬೆರಳೆಳೆದ. ಒಣ ಪೌಡರ್ ಮೆತ್ತಿದ ಆ ಬೆರಳನ್ನು ತಂಗಿಗೆ ತೋರಿಸಿ, ಹಲಗೆ ಮುಚ್ಚಿ, ದಡದಲ್ಲಿ ಕಾಯುತ್ತಿದ್ದವರಿಗೆ ಹತ್ತಿ ಎಂದು ಕೈಮಾಡಿದ.