ಚಕ್ರದ ಹಿಂದಿನ ಎರಡು ಕಲ್ಲು

ಗ್ರೀಸಕ್ಕನ ಎಡಗೈ ಮಣಿಕಟ್ಟು ಸ್ವಲ್ಪ ಸೊಟ್ಟ. ಅವಳಿಗೆ ಹತ್ತೊಂಬತ್ತು ವರ್ಷವಿದ್ದಾಗ ಅವಳ ಅಣ್ಣ ಜಾಕಿನ ಹಿಡಿಕೆಯಿಂದ ಹೊಡೆದು ಮುರಿದದ್ದು. ಬಲಗಡೆಯ ಎರಡು ಹಲ್ಲು ಹೋದದ್ದು ಅಪ್ಪ ಸತ್ತ ವರ್ಷ, ಗ್ಯಾರೇಜನ್ನು ಅಪ್ಪ ಅವಳ ಹೆಸರಿಗೆ ಬರೆದಿದ್ದಾನೆಂದು ಅಣ್ಣನಿಗೆ ಗೊತ್ತಾದ ದಿನ. ಹುಬ್ಬಿನ ಮೇಲಿನ ಗಾಯದ ಗುರುತು ಯಾವಾಗಿನದೆಂದು ಅವಳಿಗೇ ನೆನಪಿಲ್ಲ. ಆಸ್ಪತ್ರೆಯಲ್ಲಿ ಕೇಳಿದಾಗಲೆಲ್ಲ ಅವಳು ತಪ್ಪನ್ನು ಕೆಲಸದ ಮೇಲೆ ಹಾಕುತ್ತಿದ್ದಳು. ಬಾನೆಟ್ ಬಿತ್ತು, ಸ್ಪ್ಯಾನರ್ ಜಾರಿತು, ಜಾಕ್ ಕುಸಿಯಿತು. ಡಾಕ್ಟರು ಬರೆದುಕೊಳ್ಳುತ್ತಿದ್ದರು, ಜನ ನಂಬುತ್ತಿದ್ದರು. ನಂಬಿ, ಈ ಹೆಂಗಸಿಗೆ ಮೈಮೇಲೆ ಎಚ್ಚರವಿಲ್ಲ ಎಂದು ತಮ್ಮ ಗಾಡಿಗಳನ್ನು ಬೇರೆ ಗ್ಯಾರೇಜಿಗೆ ಒಯ್ಯುತ್ತಿದ್ದರು.

ಮನೆಯವರನ್ನು ಬಿಟ್ಟರೆ ನಿಜ ಗೊತ್ತಿದ್ದವನು ನಾನೊಬ್ಬ. ನನ್ನದು ಪಂಚರ್ ಅಂಗಡಿ. ನನ್ನ ಅಂಗಡಿಯೂ ಅವಳ ಗ್ಯಾರೇಜೂ ಒಂದೇ ಅಂಗಳಕ್ಕೆ ಬಾಗಿಲಿಟ್ಟುಕೊಂಡಿವೆ. ಅವಳ ಅಣ್ಣ ಗೇಟಿನಲ್ಲಿ ಕಾಣಿಸಿದ ಕೂಡಲೇ ನಾನು ಗಾಳಿ ತುಂಬುವ ಕಂಪ್ರೆಸರ್ ಚಾಲೂ ಮಾಡುತ್ತಿದ್ದೆ. ಅದು ಓಡುತ್ತಿದ್ದರೆ ಬೇರೇನೂ ಕೇಳಿಸುವುದಿಲ್ಲ. ತುಂಬಲು ಒಂದು ಟೈರೂ ಇಲ್ಲದ ದಿನ ಕೂಡ ಓಡಿಸಿದ್ದೇನೆ. ಇಪ್ಪತ್ತು ವರ್ಷ ಹೀಗೇ ನಡೆಯಿತು. ನನ್ನನ್ನು ಹೇಡಿ ಅನ್ನಬೇಕೆನಿಸಿದರೆ ಅನ್ನಿ, ನಾನೇ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಆ ಅಣ್ಣ ಭಾರೀ ಆಳು ಅಂತೇನೂ ತಿಳಿಯಬೇಡಿ. ಸಣಕಲು ಮನುಷ್ಯ. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬೋಳಿಸಿದ ಗಲ್ಲ, ಬೀದಿಯಲ್ಲಿ ಎಲ್ಲರಿಗೂ ನಮಸ್ಕಾರ. ಆದರೆ ಸಿಟ್ಟು ನೆತ್ತಿಗೇರಿದರೆ ಕೈಗೆ ಸಿಕ್ಕಿದ್ದೇ ಆಯುಧ. ಕುರ್ಚಿ ಕಾಲಿಗೆ ತಾಗಿದರೆ ಕುರ್ಚಿಯನ್ನೇ ನೆಲಕ್ಕೆ ಬಡಿದು ಮುರಿಯುವ ಜಾತಿ. ಬೀಗ ಬಿಚ್ಚಿಕೊಳ್ಳದಿದ್ದರೆ ಬಾಗಿಲಿಗೆ ಒದೆ. ಎದುರಿಗಿರುವುದು ಮಾತು ಕೇಳಲೇಬೇಕು, ಅದು ಮರವಾಗಲಿ, ತಂಗಿಯಾಗಲಿ.

ಅವಳ ಅಪ್ಪನೂ ಮುಂಗೋಪಿಯೇ, ಆದರೆ ಅವಳಿಗೆ ಹೊಡೆದದ್ದು ಒಂದೇ ಸಲ. ಹದಿನಾಲ್ಕರ ಹುಡುಗಿ, ಗಾಡಿ ಉರುಳದಂತೆ ಚಕ್ರಕ್ಕೆ ಕಲ್ಲು ಕೊಡದೆ ಗಾಡಿಯ ಕೆಳಗೆ ತೂರಿದ್ದಳು. ಕಾಲು ಹಿಡಿದು ಹೊರಗೆಳೆದ, ಕಪಾಳಕ್ಕೆ ಬಿಟ್ಟ, ಆಮೇಲೆ ಅಲ್ಲೇ ಎಣ್ಣೆಯ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತ. ಅಂದಿನಿಂದ ಗ್ರೀಸಕ್ಕ ಊಟ ಮರೆತಾಳು, ಕಲ್ಲು ಮರೆತವಳಲ್ಲ. ಸಮತಟ್ಟು ನೆಲದಲ್ಲೂ ಕಲ್ಲು ಕೊಡುತ್ತಾಳೆ. ಮನೆಯಲ್ಲಿ ಮಂಚಕ್ಕೂ ಕೊಡ್ತೀಯಾ ಎಂದು ನಾನು ರೇಗಿಸುತ್ತಿದ್ದೆ.

ಆ ದಿನ ಅವಳ ಕೈಯಲ್ಲಿದ್ದದ್ದು ಹಳೆಯ ಪಿಕಪ್, ನಾಲ್ಕೂ ಚಕ್ರಕ್ಕೆ ಬಲ ಹೋಗುವಂಥದ್ದು. ಬೆನ್ನ ತುಂಬ ಇಟ್ಟಿಗೆ. ಏರಿನಲ್ಲಿ ಒಳಗಿನಿಂದ ಗೇರಿನ ಹಲ್ಲು ಮುರಿದ ಸದ್ದು ಬಂತಂತೆ. ಡ್ರೈವರು ಹೇಗೋ ನಮ್ಮ ಅಂಗಳದವರೆಗೆ ಎಳೆಸಿಕೊಂಡು ಬಂದು, ಮೂತಿ ಮೇಲೆ, ಬಾಲ ಕೆಳಗೆ ಮಾಡಿ ನಿಲ್ಲಿಸಿ ಹೋದ. ನಮ್ಮ ಅಂಗಳ ಗೇಟಿನಿಂದ ಹಿಂದಿನ ಗೋಡೆಯ ಕಡೆಗೆ ಇಳಿಜಾರು. ಹಾಳಾಗಿದ್ದದ್ದು ಟ್ರಾನ್ಸ್‌ಫರ್ ಕೇಸ್. ಗೇರ್‌ಬಾಕ್ಸಿನ ಬೆನ್ನಿಗೆ ಕೂತು ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಕಬ್ಬಿಣದ ಡಬ್ಬಿ ಅದು. ಗುಜರಿಯಿಂದ ಅಂಥದ್ದೇ ಇನ್ನೊಂದನ್ನು ಅವಳೇ ಹುಡುಕಿ ತಂದು, ತೊಳೆದು, ಬೇರಿಂಗ್ ಬದಲಿಸಿ ಇಟ್ಟುಕೊಂಡಿದ್ದಳು. ಹಳೆಯದನ್ನು ಇಳಿಸಿ ಹೊಸದನ್ನು ಏರಿಸುವುದು ಕೆಲಸ.

ಈ ಹಳೆಯ ಗಾಡಿಗಳಲ್ಲಿ ಒಂದು ವಿಷಯವಿದೆ, ಕೆಲಸದವರಿಗೆ ಮಾತ್ರ ಗೊತ್ತಿರುವುದು. ಹ್ಯಾಂಡ್‌ಬ್ರೇಕಿನ ಡ್ರಮ್ಮು ಚಕ್ರದಲ್ಲಿರುವುದಿಲ್ಲ, ಆ ಡಬ್ಬಿಯ ಬಾಲದಲ್ಲೇ ಇರುತ್ತದೆ. ಡಬ್ಬಿ ಬಿಚ್ಚಿದರೆ ಹ್ಯಾಂಡ್‌ಬ್ರೇಕೂ ಹೋಯಿತು, ಗೇರಿನ ಹಿಡಿತವೂ ಹೋಯಿತು. ಆಮೇಲೆ ಗಾಡಿಯನ್ನು ಹಿಡಿದಿಡುವುದು ಕಲ್ಲು ಮಾತ್ರ. ಅವಳು ಹಿಂದಿನ ಎರಡು ಚಕ್ರಕ್ಕೂ ಒಂದೊಂದು ದಪ್ಪ ಕಲ್ಲು ಕೊಟ್ಟಳು. ಬಲಗಡೆಯದರ ಮೇಲೆ ಭಾರ ಕೂತಿತು, ಎಡಗಡೆಯದು ಸುಮ್ಮನೆ ಕಾವಲಿಗೆ. ಎರಡನ್ನೂ ಕಾಲಿನಿಂದ ಒತ್ತಿ ನೋಡಿದಳು. ನಾನು ಟ್ಯೂಬಿಗೆ ತೇಪೆ ಹಾಕುತ್ತ ಇದನ್ನೆಲ್ಲ ಕಣ್ಣಾರೆ ನೋಡಿದ್ದೇನೆ.

ಎತ್ತರದ ಗಾಡಿ, ಜಾಕ್ ಬೇಡ. ತಲೆ ಮುಂದೆ, ಕಾಲು ಹಿಂದೆ ಮಾಡಿ ಅಂಗಾತ ತೂರಿದಳು. ಚಕ್ರಗಳಿಗೆ ಬಲ ಒಯ್ಯುವ ಶಾಫ್ಟ್ ಎರಡೂ ಬಿಚ್ಚಿದಳು, ಎಣ್ಣೆ ಬಸಿದಳು, ಬೋಲ್ಟು ಒಂದೊಂದಾಗಿ ಸಡಿಲಿಸಿ ಡಬ್ಬಿಯನ್ನು ಎದೆಯ ಮೇಲೆ ಇಳಿಸಿಕೊಂಡಳು. ಒಬ್ಬಳೇ ಮಾಡುವಾಗ ಅದೇ ಅವಳ ರೀತಿ. ಒಂದು ಮೂಟೆ ಸಿಮೆಂಟಿನಷ್ಟು ಭಾರ. ಸ್ವಲ್ಪ ಹೊತ್ತು ಹಾಗೇ ಮಲಗಿ ಉಸಿರು ಸರಿಮಾಡಿಕೊಂಡು, ಆಮೇಲೆ ಪಕ್ಕಕ್ಕೆ ಉರುಳಿಸುತ್ತಾಳೆ.

ಆ ಸ್ವಲ್ಪ ಹೊತ್ತಿನಲ್ಲೇ ಅಣ್ಣ ಬಂದ. ನಾನು ಅಭ್ಯಾಸದಂತೆ ಕಂಪ್ರೆಸರ್ ಹಾಕಿದೆ.

ಅಂಗಳವನ್ನು ಅವನು ಯಾರಿಗೋ ಕೊಡುತ್ತೇನೆಂದು ಮಾತು ಕೊಟ್ಟಿದ್ದನಂತೆ, ಕಾಗದಕ್ಕೆ ಇವಳ ಸಹಿ ಬೇಕಿತ್ತು. ಗಾಡಿಯ ಹಿಂದೆ ನಿಂತು ಅವಳ ಕಾಲುಗಳಿಗೆ ಬೈಯುತ್ತಿದ್ದ. ಅವಳೇನೋ ಉತ್ತರ ಕೊಟ್ಟಿರಬೇಕು. ಅವನು ಅವಳ ಪಾದದ ಗಂಟಿಗೆ ಬೂಟಿನಿಂದ ತುಳಿದ. ಆಮೇಲೆ ಬಗ್ಗಿ ಕೈಗೆ ಸಿಕ್ಕಿದ್ದನ್ನು ಎತ್ತಿದ. ಸಿಕ್ಕಿದ್ದು ಎಡ ಚಕ್ರದ ಕಲ್ಲು. ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಅವಳ ಮೊಣಕಾಲಿನ ಕೆಳಗೆ ಹಾಕಿದ. ಚರ್ಮ ಹರಿದು ಎಲುಬು ಬೆಳ್ಳಗೆ ಕಂಡಿತು.

ಕಾಲುಗಳು ಒಳಗೆಳೆದುಕೊಂಡವು. ಅದು ಅವನಿಗೆ ಇನ್ನೂ ಸಿಟ್ಟು ತಂದಿತು. ಬಲಗಡೆಯ ಕಲ್ಲಿಗೆ ಕೈಹಾಕಿದ. ಅದು ಬರಲಿಲ್ಲ, ಇಡೀ ಗಾಡಿಯ ಭಾರ ಅದರ ಮೇಲಿತ್ತು. ಕಲ್ಲೂ ತನ್ನ ಮಾತು ಕೇಳದೆ ಹೋದದ್ದು ಅವನಿಗೆ ತಡೆಯಲಾಗಲಿಲ್ಲ. ಹಿಮ್ಮಡಿಯಿಂದ ಒದ್ದ. ಒಂದು, ಎರಡು, ಮೂರು. ಆ ಕಲ್ಲು ಬಿಡೋ ಎಂದು ನಾನು ಕೂಗಿದೆ. ನನ್ನ ಕೂಗನ್ನು ನನ್ನದೇ ಕಂಪ್ರೆಸರ್ ನುಂಗಿಹಾಕಿತು. ನಾಲ್ಕನೆಯ ಒದೆಗೆ ಕಲ್ಲು ಎಣ್ಣೆಯ ನೆಲದಲ್ಲಿ ಜಾರಿ ಹೊರಬಂತು.

ಕ್ಯಾಬಿನ್ನಿನಲ್ಲಿ ಹ್ಯಾಂಡ್‌ಬ್ರೇಕಿನ ಹಿಡಿಕೆ ಮೇಲಕ್ಕೆಳೆದೇ ಇತ್ತು, ಗೇಟಿನಿಂದ ಬರುವಾಗ ಅದು ಅವನ ಕಣ್ಣಿಗೆ ಬಿದ್ದಿರಬೇಕು. ಅವನು ನಂಬಿದ್ದು ಅದನ್ನೇ. ಆದರೆ ಆ ಹೊತ್ತಿಗೆ ಬ್ರೇಕು ಅವನ ತಂಗಿಯ ಎದೆಯ ಮೇಲಿತ್ತು.

ಗಾಡಿ ಹೊರಟಿತು. ಕೆಳಗೆ ಅವಳು ಡಬ್ಬಿಯನ್ನು ಒಂದೇ ಏಟಿಗೆ ಪಕ್ಕಕ್ಕೆ ತಳ್ಳಿ ನೆಲಕ್ಕೆ ಅಂಟಿಕೊಂಡಳು. ಮುಂದಿನ ಆಕ್ಸಲ್ ಅವಳ ತಲೆಯ ಮೇಲೆ ಹಾದು, ಕಿವಿಯ ಮೇಲಿನ ಚರ್ಮವನ್ನು ಕೂದಲ ಸಮೇತ ಕಿತ್ತುಕೊಂಡು ಹೋಯಿತು. ಹಿಂದೆ ಅಣ್ಣ ಓಡಲು ತಿರುಗಿದ, ಎಣ್ಣೆಯಲ್ಲಿ ಜಾರಿದ. ಗಾಡಿ ಅವನನ್ನು ಸೊಂಟದ ಮಟ್ಟದಲ್ಲಿ ಗೋಡೆಗೆ ಒತ್ತಿ ನಿಂತಿತು. ಸೌದೆ ಮುರಿದ ಹಾಗೆ ಸದ್ದಾಯಿತು. ಕಂಪ್ರೆಸರ್ ಓಡುತ್ತಿದ್ದರೂ ಅದು ನನಗೆ ಕೇಳಿಸಿತು.

ಬೀದಿಯವರು ಓಡಿಬಂದರು. ಒಬ್ಬ ಕ್ಯಾಬಿನ್ನಿಗೆ ಹಾರಿ ಎಂಜಿನ್ ಶುರುಮಾಡಿ ಗೇರ್ ಹಾಕಿದ. ಎಂಜಿನ್ ಅರಚಿತೇ ಹೊರತು ಗಾಡಿ ಒಂದಿಂಚೂ ಕದಲಲಿಲ್ಲ. ಕದಲುವುದಾದರೂ ಹೇಗೆ, ಬಲ ಹಂಚುವ ಡಬ್ಬಿ ಅಂಗಳದ ನಡುವೆ ಬಿದ್ದಿತ್ತು. ಐದಾರು ಜನ ನೂಕಿದರು. ಇಟ್ಟಿಗೆಯ ಭಾರ, ಏರು, ಕಾಲಡಿಗೆ ಎಣ್ಣೆ. ಅಣ್ಣನ ಬಾಯಿಂದ ರಕ್ತದ ಗುಳ್ಳೆ ಬರುತ್ತಿತ್ತು.

ಗ್ರೀಸಕ್ಕ ಎದ್ದಳು. ಅರ್ಧ ಮುಖ ಕೆಂಪಗೆ, ಕುಂಟುತ್ತ ಗ್ಯಾರೇಜಿನೊಳಗೆ ಹೋಗಿ ಎಂಜಿನ್ ಎತ್ತುವ ಚೈನ್ ಪುಲ್ಲಿ ತಂದಳು. ಒಂದು ಕೊಂಡಿಯನ್ನು ಗೇಟಿನ ಕಬ್ಬಿಣದ ಕಂಬಕ್ಕೆ, ಇನ್ನೊಂದನ್ನು ಗಾಡಿಯ ಮೂತಿಗೆ ಸಿಕ್ಕಿಸಿದಳು. ಆಮೇಲೆ ಸರಪಳಿ ಹಿಡಿದು ನಿಂತಳು. ನಿಂತೇ ಇದ್ದಳು. ಅಣ್ಣ ಗೋಡೆಯ ಹತ್ತಿರದಿಂದ ಅವಳನ್ನೇ ನೋಡುತ್ತಿದ್ದ. ನಾನಾಗಿದ್ದರೆ ಎಳೆಯುತ್ತಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಎಳೀಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅವಳು ಎಳೆದಳು. ಗಾಡಿ ಗೇಣಷ್ಟು ಮೇಲೆ ಬಂದಾಗಲೆಲ್ಲ ಕಲ್ಲು ಕೊಡು ಎಂದು ನನಗೆ ಹೇಳಿದಳು. ಅವೇ ಎರಡು ಕಲ್ಲು, ಒಂದರಲ್ಲಿ ಅವಳ ರಕ್ತ ಇನ್ನೂ ಹಸಿಯಾಗಿತ್ತು. ನಾನು ಕೊಡುತ್ತಾ ಹೋದೆ. ಜನ ಅಣ್ಣನನ್ನು ಹೊರಗೆಳೆದರು.

ಆಸ್ಪತ್ರೆಗೆ ಪೊಲೀಸರು ಬಂದರು. ಸೊಂಟದ ಮೂಳೆ ಪುಡಿಯಾಗಿದ್ದರೂ ಅಣ್ಣನ ನಾಲಿಗೆ ನೆಟ್ಟಗಿತ್ತು. ತಂಗಿಯನ್ನು ಮಾತಾಡಿಸಲು ಹೋಗಿದ್ದೆ, ಅವಳು ಚಕ್ರಕ್ಕೆ ಏನೂ ಕೊಟ್ಟಿರಲಿಲ್ಲ, ಗಾಡಿ ತಾನಾಗಿ ಬಂತು ಅಂದನಂತೆ. ಜನ ಬರುವ ಮೊದಲೇ ಎಲ್ಲ ಮುಗಿದಿತ್ತಾದ್ದರಿಂದ ಕಲ್ಲು ಒದ್ದದ್ದನ್ನು ಕಂಡವನು ನಾನೊಬ್ಬನೇ. ನನ್ನನ್ನು ಕೇಳಿದಾಗ, ಗಾಳಿ ತುಂಬುತ್ತಿದ್ದೆ, ಗಮನಿಸಲಿಲ್ಲ ಅಂದೆ. ಹೌದು, ಅಷ್ಟೆಲ್ಲ ಆದಮೇಲೂ ಹಾಗಂದೆ. ಇಪ್ಪತ್ತು ವರ್ಷದ ಚಾಳಿ ಒಂದು ದಿನಕ್ಕೆ ಬಿಡುತ್ತದೆಯೇ.

ಆಮೇಲೆ ಇನ್‌ಸ್ಪೆಕ್ಟರು ಅವಳ ಮಂಚದ ಹತ್ತಿರ ಬಂದರು. ತಲೆಗೆ ಹದಿನೇಳು ಹೊಲಿಗೆ ಬಿದ್ದಿತ್ತು. ಅವಳ ತಾಯಿ ಮೊದಲೇ ಬಂದು ಕೈ ಹಿಡಿದು ಕೂತಿದ್ದರು. ಆ ತಾಯಿ ಕೆಟ್ಟವರಲ್ಲ, ಮಗನ ಮನೆಯಲ್ಲಿರುವವರು, ಅಷ್ಟೇ.

"ಮರೆತೆ ಅಂತ ಹೇಳಮ್ಮ," ಅಂದರು ತಾಯಿ, ಇನ್‌ಸ್ಪೆಕ್ಟರು ಎದುರಿಗಿರುವುದನ್ನೂ ಲೆಕ್ಕಿಸದೆ. "ಒಂದು ಮಾತು. ಇಲ್ಲಾಂದ್ರೆ ಅವನನ್ನ ಜೈಲಿಗೆ ಹಾಕ್ತಾರೆ. ಇಷ್ಟು ವರ್ಷ ಎಷ್ಟು ಸಹಿಸ್ಕೊಂಡಿದ್ದೀಯ, ಇದೊಂದು ಸಹಿಸ್ಕೋ."

ಅವಳು ಹೇಳಿಬಿಡುತ್ತಾಳೆ ಎಂದೇ ನಾನು ತಿಳಿದೆ. ಬಾನೆಟ್ ಬಿತ್ತು ಎಂದವಳು, ಜಾಕ್ ಕುಸಿಯಿತು ಎಂದವಳು.

"ಅಮ್ಮ, ಅವನು ಕೈ ಮುರಿದಾಗ ಸ್ಪ್ಯಾನರ್ ಜಾರ್ತು ಅಂದೆ. ಹಲ್ಲು ಉದುರಿಸ್ದಾಗ ಬಾನೆಟ್ ಬಿತ್ತು ಅಂದೆ. ಇನ್ನೂ ಏನು ಬೇಕಾದ್ರೂ ಹೇಳ್ತಿದ್ದೆನೇನೋ. ಕಲ್ಲು ಕೊಡೋದು ಮರೆತೆ ಅಂತ ಮಾತ್ರ ಹೇಳಲ್ಲ. ಅಪ್ಪ ನನಗೆ ಕಲಿಸಿದ ಮೊದಲನೇ ಕೆಲಸ ಅದು. ಅದನ್ನೇ ಮರೆತವಳು ಅಂದ್ರೆ ನಾನು ಇನ್ಯಾವ ಮುಖ ಇಟ್ಕೊಂಡು ಗಾಡಿ ಕೆಳಗೆ ಮಲಗಲಿ?"

ಆಮೇಲೆ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದಳು.

"ಪಂಚರಣ್ಣ, ಕಲ್ಲು ನೋಡಿದ್ಯಾ?"

ಅಲ್ಲಿ ಕಂಪ್ರೆಸರ್ ಇರಲಿಲ್ಲ. ತಾಯಿ ನನ್ನನ್ನೇ ನೋಡುತ್ತಿದ್ದರು. ನೋಡಿದೆ ಅಂದೆ. ಎರಡೂ ಇತ್ತು, ಒಂದನ್ನ ಎತ್ತಿ ಹಾಕಿದ, ಇನ್ನೊಂದನ್ನ ಒದ್ದು ತೆಗೆದ ಎಂದು ಹೇಳಿದೆ. ಒಮ್ಮೆ ಶುರುವಾದ ಮೇಲೆ ಹಳೆಯದನ್ನೂ ಹೇಳಿದೆ, ಮಣಿಕಟ್ಟು, ಹಲ್ಲು, ಎಲ್ಲ. ಇನ್‌ಸ್ಪೆಕ್ಟರು ಎಲ್ಲ ಬರೆದುಕೊಂಡರು. ತಾಯಿ ಅಂದಿನಿಂದ ನಮ್ಮಿಬ್ಬರ ಹತ್ತಿರವೂ ಮಾತಾಡಿಲ್ಲ.

ಅಣ್ಣನಿಗೆ ಶಿಕ್ಷೆಯಾಯಿತು. ಊರುಗೋಲು ಹಿಡಿದೇ ಒಳಗೆ ಹೋದ. ಗ್ರೀಸಕ್ಕ ಮಾತ್ರ ಗಾಡಿ ಉರುಳಿದ ಹನ್ನೊಂದನೆಯ ದಿನಕ್ಕೇ ತಲೆಗೆ ಪಟ್ಟಿ ಕಟ್ಟಿಕೊಂಡೇ ಬಂದು ಆ ಪಿಕಪ್ಪಿಗೆ ಡಬ್ಬಿ ಏರಿಸಿದಳು. ಎಣ್ಣೆ ತುಂಬಿ, ಇಟ್ಟಿಗೆಯ ಸಮೇತ ಅಂಗಳದ ಏರನ್ನು ಮೆಲ್ಲಗೆ ಹತ್ತಿಸಿ, ಡ್ರೈವರಿಗೆ ಕೊಟ್ಟಳು. ಕಲ್ಲುಗಳನ್ನು ಪೊಲೀಸರು ಒಯ್ದಿದ್ದರಿಂದ ಅದಕ್ಕೂ ಮೊದಲು ಬೇರೆ ಎರಡನ್ನು ಹುಡುಕಲು ಅರ್ಧ ದಿನ ಕಳೆದಿದ್ದಳು.

ಈಗಲೂ ಪ್ರತಿ ಗಾಡಿಯ ಕೆಳಗೆ ತೂರುವ ಮೊದಲು ಅವಳು ನನ್ನನ್ನು ಕೂಗುತ್ತಾಳೆ. ಪಂಚರಣ್ಣ, ಕಲ್ಲು ನೋಡಿದ್ಯಾ? ಗಿರಾಕಿ ಇರಲಿ, ಕೈಯಲ್ಲಿ ಟೈರಿರಲಿ, ನಾನು ಕಂಪ್ರೆಸರ್ ಆರಿಸಿ ಎದ್ದು ಹೋಗುತ್ತೇನೆ. ಎರಡೂ ಕಲ್ಲನ್ನು ಕಾಲಿನಿಂದ ಒತ್ತಿ ನೋಡುತ್ತೇನೆ. ನೋಡಿದೆ ಎಂದು ನಾನು ಹೇಳುವ ತನಕ ಅವಳು ಕೆಳಗೆ ಹೋಗುವುದಿಲ್ಲ.