ಅತ್ತೆಯ ಮೂರನೇ ಎಚ್ಚರಿಕೆ

ಕಳೆದ ಸೋಮವಾರ ಬೆಳಿಗ್ಗೆ ಬೀದರಿನಿಂದ ಹಾರಬೇಕಿದ್ದ ವಿಮಾನ ರನ್‌ವೇ ತುದಿಯವರೆಗೆ ಹೋಗಿ ಹಿಂತಿರುಗಿತು. ಪತ್ರಿಕೆಯೊಂದರ ವರದಿಗಾರನಾದ ನಾನೂ ಒಳಗಿದ್ದೆ. ಇಳಿದವನೇ ‘ಪ್ರಯಾಣಿಕರ ಪರದಾಟ’ ಎಂಬ ಶೀರ್ಷಿಕೆಯನ್ನು ಮೊಬೈಲಿನಲ್ಲಿ ಬರೆದಿಟ್ಟು, ಎಂಜಿನಿಯರೊಬ್ಬರನ್ನು ಹಿಡಿದೆ.

‘ವಿಮಾನದೊಳಗಿನ ತಂತ್ರಾಂಶ ಪ್ರತಿಯೊಂದು ಭಾಗದ ಆರೋಗ್ಯ ನೋಡುತ್ತಿರುತ್ತದೆ. ಮೊದಲು ಸೂಚನೆ, ಆಮೇಲೆ ಎಚ್ಚರಿಕೆ, ಕೊನೆಗೆ ಕೆಂಪು ದೀಪ. ಸಲಹೆ ಅದರದು, ತೀರ್ಮಾನ ಪೈಲಟ್‌ನದು. ಇವತ್ತು ಪಂಪಿನ ಒತ್ತಡ ಇಳಿಯುತ್ತಿದೆ ಎಂದು ಎಚ್ಚರಿಸಿತು’ ಎಂದರು.

ನನಗೆ ಶಾಂತಾ ಅತ್ತೆ ನೆನಪಾದರು. ಮಾವ ಔರಾದ್‌–ಬೀದರ್ ನಡುವೆ ಪ್ರಯಾಣಿಕರ ಜೀಪು ಓಡಿಸುತ್ತಿದ್ದರು; ಅತ್ತೆ ಪಕ್ಕದಲ್ಲಿ ಕೂತು ಜೀಪಿನ ನರಳಾಟ ಕೇಳುತ್ತಿದ್ದರು. ಅವರಲ್ಲೂ ಹಂತಗಳಿದ್ದವು: ಮೊದಲು ಕೆಮ್ಮು, ಆಮೇಲೆ ‘ಏನ್ರಿ’. ಮೂರನೆಯದನ್ನು ಯಾರೂ ಕೇಳಿರಲಿಲ್ಲ.

ಎಷ್ಟೋ ವರ್ಷಗಳ ಹಿಂದೆ ಒಂದು ದಿನ ಅತ್ತೆಯ ತಂಗಿ ಸುನಂದಾಳಿಗೆ ಬೀದರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸದ ಸಂದರ್ಶನ. ನಾನು ಹಿಂದಿನ ಸೀಟಿನಲ್ಲಿದ್ದೆ. ಅತ್ತೆ ಕೆಮ್ಮಿದರು. ಮಾವ ರೇಡಿಯೋ ಜೋರು ಮಾಡಿದರು.

‘ಏನ್ರಿ, ಎಡಗಡಿ ಗಾಲಿ ಖಟಖಟ ಅನ್ಲತ್ತದ.’

‘ಗಾಡಿ ನಂದೋ ನಿಂದೋ? ಚುಪ್ ಕೂಡು. ಹತ್ತರೊಳಗ ಈ ಹುಡುಗಿನ ಮುಟ್ಟಸ್ಬೇಕು.’

ಸ್ವಲ್ಪ ದೂರ ಹೋಗಿರಬೇಕು.

‘ಮಾಣಿಕಪ್ಪಾ!’

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ನಾಲಿಗೆಯ ಮೇಲೆ ತರುವುದಿಲ್ಲ. ಮಾವ ಗಾಬರಿಯಿಂದ ಬ್ರೇಕ್ ಒತ್ತಿದರು. ಜೀಪಿನಲ್ಲಿ ಒಬ್ಬರೂ ಗಾಲಿ ನೋಡಲಿಲ್ಲ. ಎಲ್ಲರೂ ಅತ್ತೆಯನ್ನೇ ನೋಡಿದರು.

‘ಯವ್ವಾ, ಗಂಡನ ಹೆಸರೇ ಹಿಡದಳಲ್ಲ!’ ಎಂದು ಹಿಂದಿದ್ದ ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎಡಗಡೆಯ ಗಾಲಿಯ ನಟ್ಟುಗಳು ಬಹುತೇಕ ಉದುರಿಹೋಗಿದ್ದವು. ಮಾವ ಉಳಿದ ಗಾಲಿಗಳಿಂದ ಒಂದೊಂದು ನಟ್ಟು ಬಿಚ್ಚಿ ಅದಕ್ಕೆ ಹಾಕಿದರು. ‘ನೌಕರಿ ಹೋಯ್ತಕ್ಕಾ’ ಎಂದು ಸುನಂದಾ ಅಳುತ್ತಲೇ ಬೀದರ್ ಮುಟ್ಟಿದಳು. ಹತ್ತು ಗಂಟೆ ಯಾವಾಗಲೋ ದಾಟಿತ್ತು.

ಒಳಗೆ ನಡೆದದ್ದನ್ನು ಆಕೆಯೇ ಹೇಳಿದಳು. ಮೇಟ್ರನ್ ಕನ್ನಡಕದ ಮೇಲಿಂದ ನೋಡಿ, ‘ಯಾಕ ತಡಾ?’ ಎಂದರಂತೆ. ಹೆದರಿದ ಸುನಂದಾಳ ಬಾಯಿಗೆ ಬಂದದ್ದು ಇಷ್ಟೇ: ‘ದಾರ್‍ಯಾಗ ಜೀಪು ನಿಲ್ಲಸ್ಲಿಕ್ಕ ನಮ್ಮಕ್ಕ ಭಾವನ ಹೆಸರು ಹಿಡದಾಳ್ರಿ.’

ಮೇಟ್ರನ್ ಪೆನ್ನು ಕೆಳಗಿಟ್ಟರು. ‘ಅಯ್ಯ! ಅಷ್ಟು ಕೆಟ್ಟಿತ್ತೇನವ್ವಾ ಗಾಡಿ? ಕೂಡು, ನೀರು ಕುಡಿ.’

ಇದನ್ನೆಲ್ಲ ಕೇಳಿದ ಎಂಜಿನಿಯರ್ ನಗಲಿಲ್ಲ. ‘ನಿಮ್ಮ ಮಾವ ಎರಡನೆಯದಕ್ಕೇ ನಿಲ್ಲಿಸಬೇಕಿತ್ತು’ ಎಂದರು. ನಮ್ಮ ಪೈಲಟ್ ನಿಲ್ಲಿಸಿದ್ದರು. ನಾನು ಶೀರ್ಷಿಕೆ ಅಳಿಸಿದೆ. ಪಂಪು ಬದಲಾಯಿತು, ಮಧ್ಯಾಹ್ನ ವಿಮಾನ ಹಾರಿತು.

ಸುನಂದಾ ಈಗ ಅದೇ ಆಸ್ಪತ್ರೆಯ ಮೇಟ್ರನ್. ಸಂದರ್ಶನಕ್ಕೆ ತಡವಾಗಿ ಬಂದವರನ್ನು ಮೊದಲು ಕೂಡಿಸಿ, ನೀರು ಕೊಡುತ್ತಾಳೆ.