ನಾಲ್ಕು ಐವತ್ತರ ಬಸ್ಸಿನವರು ನೋಡದ ಕೊನೆ

ರಾಮನಗರದ ನಮ್ಮ ಪತ್ರಿಕಾ ಕಚೇರಿಯಲ್ಲಿ ನನಗೆ ವಹಿಸಿದ್ದ ಕೆಲಸಗಳಲ್ಲಿ ಅತ್ಯಂತ ಸಣ್ಣದು ಸಿನಿಮಾ ಅಂಕಣ. ಜಿಲ್ಲಾ ಪುಟದ ಕೆಳಮೂಲೆಯಲ್ಲಿ, ಮಂಗಳವಾರ ಮತ್ತು ಶನಿವಾರ, ಇಪ್ಪತ್ತು ಸಾಲು. ಅದರಲ್ಲಿ ನನ್ನ ಅಭಿಪ್ರಾಯಕ್ಕೆ ಜಾಗವಿರಲಿಲ್ಲ. ಇತ್ತೀಚೆಗೆ ಯಾವುದಾದರೂ ಸಿನಿಮಾ ನೋಡಿದವರು, ಅದು ಹೊಸದಿರಲಿ ಹಳೆಯದಿರಲಿ, ಏನು ಹೇಳಿದರೋ ಅದನ್ನು ಅವರ ಮಾತಿನಲ್ಲೇ ಅಚ್ಚು ಹಾಕುವುದು. ಹೆಸರು ಕೇಳಿದರೆ ಜನ ಹುಷಾರಾಗಿ ಮಾತಾಡುತ್ತಾರೆ. ಹಾಗಾಗಿ ಕಸುಬು ಮತ್ತು ಊರು ಮಾತ್ರ ಹಾಕುತ್ತಿದ್ದೆವು.

ಇದಕ್ಕೆ ನಾನೇ ಒಂದು ನಿಯಮ ಮಾಡಿಕೊಂಡಿದ್ದೆ. ಅಂಕಣಕ್ಕೆ ಬರುವ ಸಿನಿಮಾವನ್ನು ನಾನು ನೋಡುತ್ತಿರಲಿಲ್ಲ. ನೋಡಿದರೆ ನನಗೆ ಒಪ್ಪಿಗೆಯಾಗುವ ಮಾತನ್ನೇ ಆರಿಸಿಕೊಂಡುಬಿಡುತ್ತೇನೆ ಎಂಬ ಅನುಮಾನವಿತ್ತು. ನೋಡದಿದ್ದುದರಿಂದ ಎಲ್ಲರ ಮಾತೂ ನನಗೆ ಒಂದೇ ತೂಕದ್ದಾಗಿರುತ್ತಿತ್ತು. ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುತ್ತಿದ್ದ, ಗೂಡಿನಿಂದ ನೂಲು ತೆಗೆಯುವ ಒಬ್ಬ ರೀಲರು, ಊರೆಲ್ಲ ಹೊಗಳುತ್ತಿದ್ದ ಹೊಸ ಸಿನಿಮಾದ ಬಗ್ಗೆ, ಗೂಡೇನೋ ದಪ್ಪ ಐತೆ, ನೂಲು ಬರಾಕಿಲ್ಲ ಅಂದಿದ್ದರು. ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಚ್ಚುವವರೊಬ್ಬರು ಕೆಲಸದ ಪಕ್ಕದಲ್ಲೇ ಫೋನು ನಿಲ್ಲಿಸಿಕೊಂಡು ಕಪ್ಪು ಬಿಳುಪಿನ ಹಳೆಯ ಸಿನಿಮಾ ನೋಡುತ್ತಿದ್ದರು. ಆಗಿನವರು ನಿಧಾನಕ್ಕೆ ಅಳ್ತಿದ್ರು, ನಮಗೂ ಅಳೋಕೆ ಟೈಮ್ ಸಿಕ್ತಿತ್ತು ಎಂಬುದು ಅವರ ಮಾತು. ಕನಕಪುರದ ದರ್ಜಿಯೊಬ್ಬರಂತೂ ದ್ವಿತೀಯಾರ್ಧ ಬಹಳ ಚೆನ್ನಾಗಿದೆ, ಒಳ್ಳೆ ನಿದ್ದೆ ಬಂತು ಎಂದರು. ಎಲ್ಲವನ್ನೂ ಹಾಗೇ ಹಾಕಿದ್ದೆ. ಯಾರೂ ತಕರಾರು ಮಾಡಿರಲಿಲ್ಲ.

ತಕರಾರು ಬಂದದ್ದು ಕಳೆದ ವರ್ಷ, ಮಾಗಡಿಯಿಂದ.

ಮಾಗಡಿಯ ಥಿಯೇಟರಿನಲ್ಲಿ ಆಗ ದಿನಕ್ಕೆ ಎರಡೇ ಆಟ. ಮ್ಯಾಟಿನಿ ಎರಡೂವರೆಗೆ, ಇನ್ನೊಂದು ಸಂಜೆ ಆರೂವರೆಗೆ. ಒಂದು ಭಾನುವಾರ ನಾನು ಥಿಯೇಟರಿನ ಎದುರಿನ ಟೀ ಅಂಗಡಿಯಲ್ಲಿ ನಿಂತು ಮ್ಯಾಟಿನಿ ಬಿಡುವುದನ್ನು ಕಾಯುತ್ತಿದ್ದೆ. ಎಲ್ಲರಿಗಿಂತ ಮುಂಚೆ ನಾಲ್ವರು ಹೆಂಗಸರು ಹೊರಗೆ ಬಂದರು. ಸೆರಗು ಬಿಗಿದುಕೊಂಡು ಬಸ್ ನಿಲ್ದಾಣದ ಕಡೆ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದರು. ಅವರ ಜೊತೆಯಲ್ಲೇ ನಡೆದು ಮಾತಾಡಿಸಿದೆ. ನಾಲ್ವರ ಪರವಾಗಿ ಒಬ್ಬರೇ ಉತ್ತರ ಕೊಟ್ಟರು. ಐವತ್ತರ ಆಸುಪಾಸು, ತಿಪ್ಪಸಂದ್ರದ ಆಚೆಯ ಹಳ್ಳಿ, ಎರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರು. ನಡಿಗೆ ನಿಲ್ಲಿಸದೆಯೇ ಆಕೆ ಹೇಳಿದರು: “ಆ ಹುಡುಗಿ ಗಂಡನ ಮನೆ ಬುಟ್ಟು ಹೋಗಿದ್ದೇ ಸರಿ. ಹೋದ್ಮ್ಯಾಕೆ ತಿರ್ಗಿ ನೋಡ್ನಿಲ್ಲ ನೋಡಿ, ಅಂಗಿರ್ಬೇಕು.”

ಇಂಥ ಮಾತು ಸಿಗುವುದು ಅಪರೂಪ. ಮಂಗಳವಾರದ ಅಂಕಣದಲ್ಲಿ ಅದನ್ನೇ ಮೊದಲು ಹಾಕಿದೆ.

ಅಂದು ಬೆಳಗ್ಗೆಯೇ ಸಂಪಾದಕರಿಗೆ ಫೋನುಗಳು ಬಂದವು. ಸಿನಿಮಾದ ಕೊನೆಯಲ್ಲಿ ಆ ಸೊಸೆ ವಾಪಸು ಬರುತ್ತಾಳೆ, ಕಾಯಿಲೆ ಬಿದ್ದ ಮಾವನ ಎದುರು ಅತ್ತೆಯ ಕಾಲಿಗೆ ಬಿದ್ದು ತಪ್ಪಾಯಿತು ಅನ್ನುತ್ತಾಳೆ. ನಿಮ್ಮ ಪತ್ರಿಕೆ ತಿರುಗಿ ನೋಡಲಿಲ್ಲ ಎಂದು ಬರೆದಿದೆ, ಇದೇನು ಕತೆ ಎಂದು ಕೇಳಿದ್ದರು. ಸಂಪಾದಕರು ನನ್ನನ್ನು ಕರೆದು, ನೀವು ಈ ಸಿನಿಮಾ ನೋಡಿದ್ದೀರಾ ಎಂದರು. ಇಲ್ಲ ಎಂದೆ. ಆಕೆ ನೋಡಿದ್ದಾರಾ ಎಂದರು. ಕೇಳಲೇಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.

ಶನಿವಾರದ ಅಂಕಣದಲ್ಲಿ ತಿದ್ದುಪಡಿ ಹಾಕಬೇಕೆಂದು ತೀರ್ಮಾನವಾಯಿತು. ಸಂಪಾದಕರು ಒಂದು ವಾಕ್ಯವನ್ನು ಬರೆದೇ ಕೊಟ್ಟರು: ಅಭಿಪ್ರಾಯ ನೀಡಿದ ಪ್ರೇಕ್ಷಕರು ಚಿತ್ರವನ್ನು ಪೂರ್ಣವಾಗಿ ನೋಡಿರಲಿಲ್ಲ. ತಪ್ಪು ನನ್ನದು, ಆದರೆ ಆ ವಾಕ್ಯದಲ್ಲಿ ಅದು ಆಕೆಯದಾಗಿತ್ತು. ಆಕೆಯನ್ನು ಕಾಣದೆ ಇದನ್ನು ಹಾಕುವುದು ಬೇಡ ಎಂದು ಕೇಳಿಕೊಂಡು ಬುಧವಾರ ಬೆಳಗ್ಗೆ ಮಾಗಡಿ ದಾಟಿ ಆ ಹಳ್ಳಿಗೆ ಹೋದೆ. ಹೆಸರಿಲ್ಲದಿದ್ದರೂ ಹುಡುಕುವುದು ಕಷ್ಟವಾಗಲಿಲ್ಲ. ಸಿನಿಮಾ ಎಂಬ ಪದ ಬಾಯಿಂದ ಬರುತ್ತಿದ್ದಂತೆಯೇ ಊರಿನವರು ಡೇರಿಯ ಕಡೆ ಕೈ ತೋರಿಸಿದರು.

ಡೇರಿಯಲ್ಲಿ ಹಾಲು ಅಳೆಯುವ ಹೊತ್ತು. ಕ್ಯಾನು, ತಂಬಿಗೆ ಹಿಡಿದವರ ಸಾಲು. ಆಕೆ ನಡುವೆ ನಿಂತಿದ್ದರು. ನಾನು ಯಾರೆಂದು ತಿಳಿದೊಡನೆ ಡೇರಿ ಸೆಕ್ರೆಟರಿಗೆ ಹುರುಪು ಬಂತು. ಹಾಲಿಗೆ ನೀರು ಬೆರೆಸಿದ್ದನ್ನು ತೋರಿಸುವ ಗಾಜಿನ ಕೊಳವೆಯನ್ನು ಎತ್ತಿ ಹಿಡಿದು ಆತ ಎಲ್ಲರಿಗೂ ಕೇಳುವಂತೆ ಹೇಳಿದ: “ಅಕ್ಕೋ, ಹಾಲ್ಗೆ ಮಾತ್ರ ಅಲ್ಲ, ಇನ್ಮ್ಯಾಕೆ ನಿನ್ ಮಾತ್ಗೂ ಲ್ಯಾಕ್ಟೋಮೀಟ್ರು ಬುಡ್ಬೇಕು ಕಣಕ್ಕ.”

ಸಾಲಿನಲ್ಲಿದ್ದವರು ನಕ್ಕರು. ಆಕೆ ನಗಲಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಅದೇ ಕಿಟಕಿಗೆ ಹಾಲು ಹಾಕಿದವರು. ಒಂದು ದಿನವೂ ನೀರು ಬೆರೆಸಿದ ಮಾತು ಬಂದಿರಲಿಲ್ಲ ಎಂದು ಆಮೇಲೆ ಬೇರೆಯವರೇ ನನಗೆ ಹೇಳಿದರು. ಹಾಲು ಹಾಕುವವರಿಗೆ ಊರಿನೆದುರು ಆಡಬಾರದ ಮಾತೊಂದಿದ್ದರೆ ಅದು ಇದೇ. ಅದನ್ನು ಆಡಿಸಿಕೊಳ್ಳುವಂತೆ ಮಾಡಿದವನು ನಾನು.

ಮನೆಯ ಜಗುಲಿಯಲ್ಲಿ ಕೂತು ಆಕೆ ವಿಷಯ ಬಿಡಿಸಿ ಹೇಳಿದರು. ಮಾಗಡಿಗೆ ರೈಲಿಲ್ಲ, ಎಲ್ಲಕ್ಕೂ ಬಸ್ಸೇ. ಅವರ ಊರಿಗೆ ನೇರ ಬಸ್ಸು ನಾಲ್ಕು ಐವತ್ತಕ್ಕೆ. ಅದು ತಪ್ಪಿದರೆ ಸಂಜೆಯ ಹಾಲು ಕರೆಯುವ ಹೊತ್ತು ತಪ್ಪುತ್ತದೆ, ಡೇರಿಯ ಕಿಟಕಿ ಮುಚ್ಚುತ್ತದೆ. ಮ್ಯಾಟಿನಿ ಬಿಡುವುದು ಐದೂಕಾಲಿಗೆ. ಹಾಗಾಗಿ ಆ ಬಸ್ಸಿನ ಹೆಂಗಸರು ಮದುವೆಯಾಗಿ ಬಂದಾಗಿನಿಂದ ಯಾವ ಸಿನಿಮಾದ ಕೊನೆಯನ್ನೂ ಥಿಯೇಟರಿನಲ್ಲಿ ನೋಡಿದವರಲ್ಲ. ಬಸ್ಸು ಹೊರಟ ಮೇಲೆ ಅಲ್ಲಿಯವರೆಗೆ ನಡೆದದ್ದನ್ನು ಮಾತಾಡಿ, ಮುಂದೆ ಏನಾಗಬೇಕೋ ಅದನ್ನು ತಾವೇ ತೀರ್ಮಾನ ಮಾಡುತ್ತಾರೆ. ಒಬ್ಬರು ಮದುವೆ ಮಾಡಿಸೋಣ ಅನ್ನುತ್ತಾರೆ, ಇನ್ನೊಬ್ಬರು ಅವನಿಗ್ಯಾಕೆ ಕೊಡಬೇಕು ಅನ್ನುತ್ತಾರೆ. ಊರಿನ ಸ್ಟಾಪು ಬರುವಷ್ಟರಲ್ಲಿ ಒಮ್ಮತವಾಗಬೇಕು, ಯಾಕೆಂದರೆ ಮಾರನೆಯ ದಿನ ಡೇರಿಯ ಸಾಲಿನಲ್ಲಿ ಸಿನಿಮಾಕ್ಕೆ ಹೋಗದವರಿಗೆ ಕತೆ ಹೇಳಬೇಕು. ಹೇಳುವವರು ಈಕೆ. ಹಳೆಯ ಸಿನಿಮಾಗಳು ಎಷ್ಟೋ ಆ ಊರಿನಲ್ಲಿ ಬೇರೆಯೇ ಕೊನೆ ಪಡೆದಿವೆ. ಸತ್ತವರು ಬದುಕಿದ್ದಾರೆ, ಮಾಫಿ ಸಿಕ್ಕವರು ಜೈಲಿನಲ್ಲಿದ್ದಾರೆ. ಟೀವಿಯಲ್ಲಿ, ಫೋನಿನಲ್ಲಿ ನಿಜವಾದ ಕೊನೆ ನೋಡಿದವರೂ ಅದನ್ನು ಎತ್ತಿ ಆಡಿರಲಿಲ್ಲ. ಬಾಯಿಮಾತಿನಲ್ಲಿ ಇದ್ದಷ್ಟು ಕಾಲ ಅದು ಸುಳ್ಳೆಂದು ಯಾರಿಗೂ ಅನಿಸಿರಲಿಲ್ಲ. ಪತ್ರಿಕೆಯಲ್ಲಿ ಬಂದ ದಿನ ಸುಳ್ಳಾಯಿತು.

ಸಂಪಾದಕರು ಕೊಟ್ಟ ತಿದ್ದುಪಡಿಯನ್ನು ಓದಿ ಹೇಳಿದೆ. ಆಕೆ ಎರಡನೆಯ ಸಲ ಓದಿಸಿಕೊಂಡರು. ಆಮೇಲೆ, ಹಾಕುವುದು ಬೇಡವೆಂದು ತಾನು ಹೇಳುವುದಿಲ್ಲ, ಆದರೆ ಶನಿವಾರದೊಳಗೆ ತಾನು ಕೊನೆ ನೋಡಿಬಿಡುತ್ತೇನೆ, ನೋಡಿದ ಮೇಲೆ ಹಾಕಿ ಎಂದರು. ಶುಕ್ರವಾರ ಸಿನಿಮಾ ಬದಲಾಗುತ್ತದೆ, ಉಳಿದಿರುವುದು ನಾಳೆಯೊಂದೇ ದಿನ ಎಂದೆ. ನಾಳೆಯೇ ಎಂದರು. ತಿಂಗಳು ಕಳೆದರೆ ಫೋನಿನಲ್ಲೇ ಬರುತ್ತದೆ ಎಂದಿದ್ದಕ್ಕೆ, ತಿಂಗಳ ಕಾಲ ಆ ಸೆಕ್ರೆಟರಿಯ ಮುಖ ನೋಡಿಕೊಂಡಿರುವವರು ನೀವಾ ನಾನಾ ಎಂದು ಕೇಳಿದರು.

ಅಡ್ಡಿ ಇದ್ದದ್ದು ಹಸುವಿನದು. ಎರಡರಲ್ಲಿ ಒಂದು ಯಾರಿಗಾದರೂ ಕರೆಯಲು ಬಿಡುತ್ತಿತ್ತು. ಇನ್ನೊಂದಕ್ಕೆ ಈಕೆಯ ಕೈಯೇ ಆಗಬೇಕು, ಬೇರೆಯವರು ಕೆಚ್ಚಲು ಮುಟ್ಟಿದರೆ ಒದೆಯುತ್ತಿತ್ತು. ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದ ಗಂಡ ಆಗ ಬಾಯಿಬಿಟ್ಟರು: “ನಿನ್ ಹಳೇ ಸೀರೆ ಒಂದು ಕೊಟ್ಟೋಗು, ಹೊದ್ಕೊಂಡು ಕೂತ್ಕತ್ತೀನಿ. ನೀನೇ ಅಂದ್ಕಂಡು ಹಾಲು ಇಳಿಸ್ತದೆ.”

“ಮೀಸೆ ಕಂಡ್ರೆ?” ಎಂದರು ಆಕೆ.

“ಹಸಕ್ಕೆ ಮೀಸೆ ಎಲ್ಲಿ ಗೊತ್ತಾಯ್ತದೆ, ವಾಸ್ನೆ ಗೊತ್ತಾಯ್ತದೆ ಅಷ್ಟೆ. ಊರೋರು ನಗ್ತಾರೆ, ನಗ್ಲಿ ಬುಡು. ನಿನ್ನೆಯಿಂದ ನಗ್ತಾನೇ ಅವ್ರೆ.”

ಗುರುವಾರ ನಾನು ಮತ್ತೆ ಮಾಗಡಿಯಲ್ಲಿದ್ದೆ. ಪುಟಕ್ಕೆ ಕೊಡಬೇಕಾದ ಸುದ್ದಿಯನ್ನು ಸಂಜೆ ಆರರೊಳಗೆ ಕಳಿಸಬೇಕಿತ್ತು. ಶನಿವಾರದ ಜಿಲ್ಲಾ ಪುಟ ಜಾಹೀರಾತಿನ ಕಾರಣಕ್ಕೆ ಎರಡು ದಿನ ಮೊದಲೇ ಕಟ್ಟಿಬಿಡುತ್ತಿದ್ದರು. ಆಕೆ ಒಬ್ಬರೇ ಬಂದಿದ್ದರು. ಟಿಕೆಟನ್ನು ನಾನು ಕೊಡಿಸುತ್ತೇನೆ ಎಂದದ್ದಕ್ಕೆ ಒಪ್ಪಲಿಲ್ಲ. ನಿಯಮ ಮುರಿದು ಒಳಗೆ ಹೋಗಲೇ ಎಂದು ಒಂದು ಕ್ಷಣ ಯೋಚಿಸಿ, ಹೊರಗೇ ಉಳಿದೆ. ಹೋಗಿದ್ದರೆ ಆಕೆಯ ಮುಖ ನೋಡುತ್ತಾ ಕೂರುತ್ತಿದ್ದೆ, ಅದು ವರದಿಗಾರನ ಕೆಲಸವಲ್ಲ. ನಾಲ್ಕು ಮೂವತ್ತೈದಕ್ಕೆ ಬಾಗಿಲು ತೆರೆಯಿತು. ಇಬ್ಬರು ಮುದುಕರು ಹೊರಬಂದು ಬೀಡಿ ಹಚ್ಚಿದರು. ಆಕೆ ಬರಲಿಲ್ಲ. ನಾಲ್ಕು ಐವತ್ತಕ್ಕೆ ಬಸ್ಸು ನಿಲ್ದಾಣ ಬಿಟ್ಟದ್ದನ್ನು ಟೀ ಅಂಗಡಿಯವನು ಹೇಳಿದ. ಆತನಿಗೂ ವಿಷಯ ಗೊತ್ತಾಗಿತ್ತು.

ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಆಕೆ ಎಲ್ಲರಿಗಿಂತ ಹಿಂದೆ, ನಿಧಾನವಾಗಿ ಹೊರಬಂದರು. ಟೀ ಬೇಡವೆಂದರು. ನಾನು ಪುಸ್ತಕ ತೆಗೆಯುವವರೆಗೆ ಕಾದು ಹೇಳತೊಡಗಿದರು.

“ನೋಡ್ದೆ. ಬಂದ್ಲು, ಕಾಲ್ಗೂ ಬಿದ್ಲು. ತಿರ್ಗಿ ನೋಡ್ನಿಲ್ಲ ಅಂತ ನಾನು ಬರ್ಸಿದ್ದು ತಪ್ಪು, ಬರ್ಕೊಳ್ಳಿ. ಕೊನೆ ನೋಡ್ದಂಗೆ ಹೇಳ್ಬಾರ್ದಾಗಿತ್ತು.”

ಬರೆದುಕೊಂಡೆ.

“ಈಗ ನೋಡಿ ಹೇಳ್ತಾ ಇವ್ನಿ, ಇದ್ನೂ ಬರ್ಕೊಳ್ಳಿ. ಆ ಕೊನೆ ಸರಿಯಿಲ್ಲ. ಎರಡು ಗಂಟೆ ಹೊತ್ತು ಆ ಹುಡುಗಿ ಯಾರಿಗೂ ತಲೆ ಬಗ್ಗಿಸ್ನಿಲ್ಲ. ಹೊಲಿಗೆ ಮಿಷನ್ನು ಹೊತ್ಕೊಂಡು ಹೋಗಿ ಬಾಡಿಗೆ ಮನೇಲಿ ಬದುಕಿದ್ಲು. ಕೊನೇ ಹತ್ತು ನಿಮಿಷಕ್ಕೆ ಅವ್ಳ ಬುದ್ಧಿನೆಲ್ಲ ಯಾರ್ ಕಿತ್ಕೊಂಡ್ರು? ಮಾವಂಗೆ ಕಾಯ್ಲೆ, ಬರ್ಲಿ, ಗಂಜಿ ಕಾಸಿ ಕುಡಿಸ್ಲಿ, ಬೇಡ ಅನ್ನಕಿಲ್ಲ. ಅವ್ಳ ಜಮೀನು ಕಿತ್ಕೊಂಡೋರ ಕಾಲ್ಗೆ ಯಾಕ್ ಬೀಳ್ಬೇಕು? ಅವ್ರು ಬೀಳ್ಬೇಕಾಗಿತ್ತು.” ನಿಲ್ದಾಣದ ಕಡೆ ತಿರುಗಿ ಸೇರಿಸಿದರು: “ಬಸ್ಸಲ್ಲಿ ನಾವು ಮಾಡಿದ್ದೇ ಒಸಿ ಚೆನ್ನಾಗಿತ್ತು.”

ಆರು ಗಂಟೆಗೆ ತಿಪ್ಪಸಂದ್ರದವರೆಗೆ ಹೋಗುವ ಬಸ್ಸೊಂದಿತ್ತು. ಅಲ್ಲಿಂದ ಆಟೋ ಸಿಗುತ್ತದೆ ಎಂದು ಆಕೆ ನಿಲ್ದಾಣದ ಕಡೆ ನಡೆದರು. ಬರೆದುಕೊಂಡದ್ದನ್ನು ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಟೈಪು ಮಾಡಿ ಕಳಿಸಿದೆ. ಮೇಲೆ ನನ್ನದೊಂದು ಸಾಲು ಹಾಕಿದೆ: ಪೂರ್ಣ ಚಿತ್ರ ನೋಡಿದ್ದಾರೆಯೇ ಎಂದು ವರದಿಗಾರ ವಿಚಾರಿಸಿರಲಿಲ್ಲ.

ಐದು ನಿಮಿಷದಲ್ಲಿ ಸಂಪಾದಕರ ಕರೆ ಬಂತು. ತಿದ್ದುಪಡಿಯಲ್ಲಿ ಅಭಿಪ್ರಾಯ ಬರುವ ಪದ್ಧತಿ ಇಲ್ಲ, ಮೊದಲ ಎರಡು ಸಾಲು ಉಳಿಸಿ ಮಿಕ್ಕಿದ್ದನ್ನು ತೆಗೆಯುತ್ತೇನೆ ಎಂದರು. ಪದ್ಧತಿಯ ವಿಷಯದಲ್ಲಿ ಅವರ ಮಾತು ಸರಿಯಾಗಿತ್ತು, ಅದನ್ನು ಒಪ್ಪಿಕೊಂಡೆ. ಆದರೆ ಆಕೆ ತಪ್ಪು ಒಪ್ಪಿಕೊಂಡದ್ದನ್ನು ಮಾತ್ರ ಹಾಕಿ, ಒಪ್ಪದೇ ಇದ್ದದ್ದನ್ನು ಬಿಟ್ಟರೆ ಎರಡನೆಯ ಸಲವೂ ಆಕೆಯ ಮಾತನ್ನು ನಾವು ಅರ್ಧ ಹಾಕಿದಂತಾಗುತ್ತದೆ ಎಂದೆ. ಹಾಗೆ ಹಾಕುವುದಾದರೆ ಅಂಕಣವನ್ನು ಬೇರೆಯವರಿಗೆ ಕೊಡಿ ಎಂದೂ ಹೇಳಿದೆ. ಬೆದರಿಕೆಯ ದನಿಯಲ್ಲಿ ಹೇಳಿದ್ದಲ್ಲ. ಕೊನೆಗೆ ಅವರು, ಎರಡನ್ನೂ ಬೇರೆ ಬೇರೆ ಮಾಡಿ, ಮೇಲೆ ತಿದ್ದುಪಡಿ, ಕೆಳಗೆ ಅಭಿಪ್ರಾಯ ಎಂದರು. ಕೊನೆಯ ವಾಕ್ಯ, ಬಸ್ಸಿನ ಕೊನೆಯೇ ಚೆನ್ನಾಗಿತ್ತು ಎಂಬುದು, ಜಾಗವಿಲ್ಲದೆ ಹೋಯಿತು. ಅದಕ್ಕೆ ನಾನು ಹಟ ಮಾಡಲಿಲ್ಲ. ಮಾಡಬೇಕಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಎರಡು ವಾರ ಬಿಟ್ಟು, ಕುಡಿಯುವ ನೀರಿನ ಟ್ಯಾಂಕಿನ ವರದಿಗೆಂದು ಆ ಕಡೆ ಹೋದವನು ಬೆಳಗ್ಗೆ ಡೇರಿಯ ಬಳಿ ಬೈಕು ನಿಲ್ಲಿಸಿದೆ. ಸಾಲು ಹಾಗೇ ಇತ್ತು. ಪತ್ರಿಕೆಯಲ್ಲಿ ಬಂದದ್ದರ ಬಗ್ಗೆ ಯಾರೂ ನನ್ನೊಡನೆ ಏನೂ ಆಡಲಿಲ್ಲ. ಗಂಡ ಸೀರೆ ಹೊದ್ದು ಹಾಲು ಕರೆದ ಸಂಗತಿಯನ್ನು ಮಾತ್ರ ಮೂವರು ಬೇರೆ ಬೇರೆಯಾಗಿ ವಿವರಿಸಿದರು. ಆಕೆಯ ಸರದಿ ಬಂದಾಗ ಸೆಕ್ರೆಟರಿ ಹಾಲು ತೆಗೆದುಕೊಂಡು, ತಲೆ ಎತ್ತದೆಯೇ, ಈ ವಾರ ಮಾಗಡೀಲಿ ಬಂದಿರೋ ಸಿನಿಮಾ ಹೆಂಗೈತಕ್ಕ, ಮನೆಯೋಳ್ನ ಕರ್ಕೊಂಡೋಗ್ಬೋದಾ ಎಂದು ಕೇಳಿದ.

ಆಕೆ ಹಾಲಿನ ಲೆಕ್ಕದ ಚೀಟಿ ಇಸಿದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. “ಮುಕ್ಕಾಲು ನೋಡಿವ್ನಿ,” ಎಂದರು. “ಆ ಮುಕ್ಕಾಲು ಚೆನ್ನಾಗೈತೆ.”

ಹಿಂದೆ ನಿಂತಿದ್ದವರೊಬ್ಬರು ಮಿಕ್ಕಿದ್ದು ಏನಾಯ್ತು ಎಂದರು. ಆಕೆ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು, ಅದು ನಾವು ನಾಲ್ಕು ಜನ ಕೂತು ಮಾಡಿದ್ದು, ನಿಜವಾದದ್ದಲ್ಲ, ಆದರೂ ಬೇಕಾದರೆ ಹೇಳುತ್ತೇನೆ ಎಂದು ಶುರುಮಾಡಿದರು. ಸೆಕ್ರೆಟರಿ ಮುಂದಿನವರ ಕ್ಯಾನಿಗೆ ಕೈ ಹಾಕಿದ್ದವನು ಹಾಗೇ ನಿಂತ.